ಜೆ35.01 ಜೊತೆ ಜೆ35.1 ಹಾಕಿದರೆ ಎರರ್ ಬರುತ್ತಿದೆ. ಜೆ35.03 ಹಾಕಬಹುದಾ?

ಹೊಸ_ಕೋಡರ್:
ನಮಸ್ಕಾರ. ಅಮೆರಿಕದ ಇಎನ್‌ಟಿ (ಕಿವಿ, ಮೂಗು, ಗಂಟಲು) ಇನ್ಶೂರೆನ್ಸ್ ಕ್ಲೇಮ್‌ಗಳಿಗೆ ಐಸಿಡಿ-10-ಸಿಎಂ (ಕಾಯಿಲೆಗಳ ಕೋಡ್ ಪಟ್ಟಿ) ಕೋಡಿಂಗ್ ಮಾಡುತ್ತೇನೆ. 9 ವರ್ಷದ ಮಗು, ಟಾನ್ಸಿಲ್ ಮತ್ತು ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಎರಡನ್ನೂ ತೆಗೆದಿದ್ದಾರೆ. ನೋಟ್‌ನಲ್ಲಿ ಇರುವುದು: ‘ಕ್ರಾನಿಕ್ ಟಾನ್ಸಿಲೈಟಿಸ್. ಟಾನ್ಸಿಲ್ ಹೈಪರ್‌ಟ್ರೋಫಿ 3+. ಅಡಿನಾಯ್ಡ್ ಹೈಪರ್‌ಟ್ರೋಫಿ.’ ಜೆ35.01 (ಕ್ರಾನಿಕ್ ಟಾನ್ಸಿಲೈಟಿಸ್, ಅಂದರೆ ಟಾನ್ಸಿಲ್‌ನ ದೀರ್ಘಕಾಲದ ಉರಿಯೂತ), ಜೆ35.1 (ಟಾನ್ಸಿಲ್ ಹೈಪರ್‌ಟ್ರೋಫಿ, ಅಂದರೆ ದೊಡ್ಡದಾಗಿರುವುದು), ಜೆ35.2 (ಅಡಿನಾಯ್ಡ್ ಹೈಪರ್‌ಟ್ರೋಫಿ) ಮೂರೂ ಹಾಕಿದೆ. ಎಕ್ಸ್‌ಕ್ಲೂಡ್ಸ್1 (ಈ ಕೋಡ್‌ಗಳನ್ನು ಒಟ್ಟಿಗೆ ಹಾಕುವಂತಿಲ್ಲ ಅನ್ನುವ ಸೂಚನೆ) ಎರರ್ ಬರುತ್ತಿದೆ. ಎಲ್ಲ ಸೇರಿಸಿ ಜೆ35.03 ಹಾಕಿದರೆ ಆಗುತ್ತಾ?

ಗಂಟಲು_ಮೂಗು:
ಜೆ35.03 ಬೇಡ. ಅದು ಟಾನ್ಸಿಲ್, ಅಡಿನಾಯ್ಡ್ ಎರಡರಲ್ಲೂ ಕ್ರಾನಿಕ್ ಸೋಂಕು ಅಥವಾ ಉರಿಯೂತ ಇದ್ದಾಗ. ನಿಮ್ಮ ನೋಟ್‌ನಲ್ಲಿ ಅಡಿನಾಯ್ಡೈಟಿಸ್ (ಅಡಿನಾಯ್ಡ್ ಉರಿಯೂತ) ಅನ್ನುವ ಪದವೇ ಇಲ್ಲ, ಬರೀ ದೊಡ್ಡದಾಗಿದೆ ಅಂತಿದೆ.

ಒಂದೊಂದನ್ನೂ ಬೇರೆಬೇರೆ ನೋಡಿ. ಟಾನ್ಸಿಲ್‌ನಲ್ಲಿ ಉರಿಯೂತವೂ ಇದೆ, ದೊಡ್ಡದೂ ಆಗಿದೆ. ಹಾಗಿದ್ದಾಗ ಜೆ35.01 ಒಂದೇ ಸಾಕು, ದೊಡ್ಡದಾಗಿರುವುದು ಅದರೊಳಗೇ ಬಂತು. ಜೆ35.1ರ ಕೆಳಗಿನ ಎಕ್ಸ್‌ಕ್ಲೂಡ್ಸ್1 ಹೇಳುವುದೂ ಇದನ್ನೇ. ಅಡಿನಾಯ್ಡ್‌ಗೆ ಜೆ35.2 ಹಾಗೇ ಇರಲಿ. ಎರಡೂ ಬರೀ ದೊಡ್ಡದಾಗಿದ್ದು, ಸೋಂಕು ಇಲ್ಲದಿದ್ದರೆ ಜೆ35.3 ಆಗುತ್ತಿತ್ತು.

ಅಂದಹಾಗೆ 3+ ನೋಡಿ ಕಾಯಿಲೆ ಊಹಿಸಬೇಡಿ. ಟಾನ್ಸಿಲ್ ಗಂಟಲಿನ ಅಗಲದ ಅರ್ಧಕ್ಕಿಂತ ಜಾಸ್ತಿ, ಮುಕ್ಕಾಲಿನವರೆಗೆ ತುಂಬಿದೆ ಅಂತಷ್ಟೇ ಅದರ ಅರ್ಥ.

ಹೊಸ_ಕೋಡರ್:
ಅರ್ಥವಾಯಿತು. ಇನ್ನೊಂದು ಡೌಟು. ಹಿಸ್ಟರಿಯಲ್ಲಿ ‘ಒಂದು ವರ್ಷದಲ್ಲಿ 7 ಸಲ ಗಂಟಲು ನೋವು’ ಅಂತಿದೆ. ಇದು ಕ್ರಾನಿಕ್ಕೇ ಅಲ್ವಾ?

ಗಂಟಲು_ಮೂಗು:
ಅಲ್ಲ. ಬಂದು ವಾಸಿಯಾಗಿ ಮತ್ತೆ ಬರುವುದು ಅಕ್ಯೂಟ್ ರಿಕರೆಂಟ್. ಯಾವ ರೋಗಾಣು ಅಂತ ಬರೆದಿಲ್ಲದಿದ್ದರೆ ಜೆ03.91, ಸ್ಟ್ರೆಪ್ (ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ) ಅಂತ ಬರೆದಿದ್ದರೆ ಜೆ03.01. ಯಾವುದು ಅಂತ ಡಾಕ್ಟರೇ ಬರೆಯಬೇಕು, ನಾವು ಎಣಿಸಿ ತೀರ್ಮಾನ ಮಾಡುವ ಹಾಗಿಲ್ಲ. ಆದರೆ ಆ 7ನ್ನು ಬಿಡಬೇಡಿ. ಆಪರೇಷನ್ ಬೇಕಿತ್ತಾ ಅಂತ ಇನ್ಶೂರೆನ್ಸ್‌ನವರು ಕೇಳಿದರೆ ಅದೇ ಆಧಾರ. ಪ್ಯಾರಡೈಸ್ ಮಾನದಂಡ ಅನ್ನುತ್ತಾರಲ್ಲ, ಅದು: ಒಂದು ವರ್ಷದಲ್ಲಿ 7 ಸಲ, ಇಲ್ಲಾ 2 ವರ್ಷ ವರ್ಷಕ್ಕೆ 5, ಇಲ್ಲಾ 3 ವರ್ಷ ವರ್ಷಕ್ಕೆ 3. ಸುಮ್ನೆ ನೋವು ಅಂದರೆ ಸಾಲದು. ಪ್ರತಿ ಸಲವೂ 38.3 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಜ್ವರ, ಕತ್ತಿನ ಗಂಟು, ಟಾನ್ಸಿಲ್ ಮೇಲೆ ಬಿಳಿ ಪದರ, ಸ್ಟ್ರೆಪ್ ಟೆಸ್ಟ್ ಪಾಸಿಟಿವ್, ಇವುಗಳಲ್ಲಿ ಒಂದಾದರೂ ದಾಖಲಾಗಿರಬೇಕು.

ಬಿಲ್ಲಿಂಗ್_ಡೆಸ್ಕ್:
ಪ್ರೊಸೀಜರ್ ಕೋಡೂ (ಮಾಡಿದ ಆಪರೇಷನ್‌ನ ಕೋಡ್) ನೋಡಿಕೊಳ್ಳಿ. 12 ವರ್ಷದೊಳಗೆ ಎರಡನ್ನೂ ತೆಗೆದರೆ 42820, 12 ತುಂಬಿದವರಿಗೆ 42821. ಎಡ, ಬಲ ಅಂತ ಮಾಡಿಫೈಯರ್ 50 (ಎರಡೂ ಕಡೆ ಮಾಡಿದ್ದು ಅಂತ ಕೋಡ್‌ಗೆ ಸೇರಿಸುವ ಗುರುತು) ಹಾಕಬೇಡಿ, ಎರಡೂ ಕಡೆ ಸೇರಿಯೇ ಆ ಕೋಡ್ ಇರುವುದು.

ಹೊಸ_ಕೋಡರ್:
ಅಡಿನಾಯ್ಡ್‌ನಲ್ಲಿ ಸೋಂಕಿತ್ತಾ ಅಂತ ಡಾಕ್ಟರ್‌ಗೆ ಕ್ವೆರಿ ಕಳಿಸಿದ್ದೆ. ಇರಲಿಲ್ಲ ಅಂತ ಬರೆದಿದ್ದಾರೆ. ಜೆ35.01, ಜೆ35.2, 42820 ಹಾಕಿದೆ, ಎರರ್ ಹೋಯಿತು. ಇಬ್ಬರಿಗೂ ಥ್ಯಾಂಕ್ಸ್.