ಐಪಾಡ್ ಡಾಕ್ ಇರುವ ಗಡಿಯಾರ ರೇಡಿಯೊ: ಅಮೆರಿಕದಿಂದ ತರಿಸಿಕೊಳ್ಳಬಹುದೇ?

ಕುವೆಂಪುನಗರದ ಕೇಳುಗ:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 78 ವರ್ಷ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಮೈಸೂರು ಆಕಾಶವಾಣಿ ಹಾಕಿ, 6.55ರ ಸಂಸ್ಕೃತ ವಾರ್ತೆ ಮುಗಿಯುವವರೆಗೆ ಅದನ್ನು ಆರಿಸದಿರುವುದು ಅವರ ಬಹಳ ವರ್ಷಗಳ ರೂಢಿ. ರಾತ್ರಿ ಮಲಗುವಾಗ ಮಾತ್ರ ಅವರಿಗೆ ಐಪಾಡ್ ಬೇಕು. ನ್ಯೂಜೆರ್ಸಿಯಲ್ಲಿರುವ ನಮ್ಮಣ್ಣ ಹತ್ತು ಹನ್ನೆರಡು ವರ್ಷಗಳ ಹಿಂದೆ 160 ಜಿಬಿಯ ಐಪಾಡ್ ಕ್ಲಾಸಿಕ್ ಒಂದರಲ್ಲಿ ದಾಸರ ಪದಗಳು, ವಚನಗಳು, ಹಳೆಯ ಕಛೇರಿಗಳು ಎಲ್ಲವನ್ನೂ ತುಂಬಿಸಿ ಕೊಟ್ಟಿದ್ದು, ಅದರ ಚಕ್ರವನ್ನು ಹೆಬ್ಬೆರಳಿನಲ್ಲಿ ತಿರುಗಿಸಿ ಬೇಕಾದ ಹಾಡು ಹುಡುಕುವುದು ಅವರಿಗೆ ಕತ್ತಲೆಯಲ್ಲೂ ಬರುತ್ತದೆ. ಮೊಬೈಲ್ ಕೊಟ್ಟರೆ ಮುಟ್ಟುವುದಿಲ್ಲ.

ಇದರಿಂದಾಗಿ ಅವರ ತಲೆದಿಂಬಿನ ಪಕ್ಕದ ಸಣ್ಣ ಮೇಜಿನ ಮೇಲೆ ಒಂದು ಅಲಾರಾಂ ಗಡಿಯಾರ, ಒಂದು ರೇಡಿಯೊ, ಐಪಾಡಿಗೆ ಒಂದು ಸ್ಪೀಕರ್, ಇವುಗಳ ತಂತಿಗಳು ಎಲ್ಲ ಸೇರಿಕೊಂಡಿವೆ. ಹೋದ ತಿಂಗಳು ನಡುರಾತ್ರಿ ಎದ್ದಾಗ ಕೈಗೆ ತಂತಿ ಸಿಕ್ಕಿಕೊಂಡು ನೀರಿನ ತಂಬಿಗೆ ಉರುಳಿ, ಹಾಸಿಗೆಯೆಲ್ಲ ಒದ್ದೆಯಾಯಿತು. ಮೂರನ್ನೂ ಒಂದೇ ಪೆಟ್ಟಿಗೆಗೆ ಇಳಿಸೋಣವೆಂಬ ಯೋಚನೆ ಬಂದದ್ದು ಅಂದೇ.

ಅಣ್ಣನ ಮನೆಯಲ್ಲಿ ಐಪಾಡ್ ಕೂರಿಸುವ ಡಾಕ್ ಇರುವ ಗಡಿಯಾರ ರೇಡಿಯೊ ಒಂದು ಬಳಕೆಯಿಲ್ಲದೆ ಬಿದ್ದಿದೆಯಂತೆ. ಡಿಸೆಂಬರಿನಲ್ಲಿ ಬರುವಾಗ ಅದನ್ನೇ ತರುತ್ತೇನೆ, ಬೇಡವೆಂದರೆ ಅಲ್ಲೇ ಹೊಸದನ್ನು ಕೊಂಡು ತರುತ್ತೇನೆ ಎನ್ನುತ್ತಿದ್ದಾನೆ. ಇಲ್ಲಿ ದೇವರಾಜ ಅರಸು ರಸ್ತೆಯ ನಾಲ್ಕೈದು ಅಂಗಡಿಗಳಲ್ಲಿ ವಿಚಾರಿಸಿದರೆ ಎಲ್ಲರೂ ಬ್ಲೂಟೂತ್ ಸ್ಪೀಕರನ್ನೇ ಮುಂದಿಡುತ್ತಾರೆ. ಅಲ್ಲಿಯ ಸೆಟ್ಟು ಇಲ್ಲಿ ಸರಿಯಾಗಿ ನಡೆಯುತ್ತದೆಯೇ? ವೋಲ್ಟೇಜ್ ಬೇರೆ ಎಂಬುದು ಗೊತ್ತಿದೆ. ಅದಕ್ಕೆ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡರೆ ಸಾಕೇ? ಆರಿಸುವಾಗ ಇನ್ನೇನನ್ನು ನೋಡಬೇಕು? ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೇ ಸೆಟ್ಟು, ಬೆಂಗಳೂರು:

ಸಾಕಾಗುವುದಿಲ್ಲ. ರೇಡಿಯೊ ರಿಪೇರಿಯಲ್ಲೇ ಮೂವತ್ತು ವರ್ಷ ಕಳೆದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಅಣ್ಣನವರಿಗೆ ಆ ಸೆಟ್ಟನ್ನು ಮಗುಚಿ, ಅಡಿಯಲ್ಲಿ ಅಂಟಿಸಿರುವ ಚೀಟಿಯ ಫೋಟೊ ಕಳಿಸಲು ಹೇಳಿ. ಗೋಡೆಯ ಪ್ಲಗ್ಗಿನಿಂದ ತಂತಿ ನೇರವಾಗಿ ಸೆಟ್ಟಿನೊಳಕ್ಕೆ ಹೋಗಿ, ಚೀಟಿಯಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದಷ್ಟೇ ಇದ್ದರೆ ಅದನ್ನು ತರಿಸಬೇಡಿ. 230 ವೋಲ್ಟನ್ನು 120ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅದು ಇಳಿಸುವುದು ವೋಲ್ಟೇಜನ್ನು ಮಾತ್ರ; ನಮ್ಮ ಕರೆಂಟಿನ 50 ಹರ್ಟ್ಸ್ ಹಾಗೆಯೇ ಉಳಿಯುತ್ತದೆ. ಈ ಬಗೆಯ ಗಡಿಯಾರಗಳಲ್ಲಿ ಹೆಚ್ಚಿನವು ಮನೆಗೆ ಬರುವ ಕರೆಂಟಿನ ಮಿಡಿತವನ್ನೇ ಎಣಿಸಿ ಕಾಲ ತೋರಿಸುವಂಥವು. ಅರವತ್ತು ಮಿಡಿತ ಎಣಿಸಿದರೆ ಒಂದು ಸೆಕೆಂಡು ಎಂದು ನಂಬಿದ ಗಡಿಯಾರಕ್ಕೆ ನಾವು ಸೆಕೆಂಡಿಗೆ ಐವತ್ತನ್ನೇ ಕೊಟ್ಟರೆ ಅದು ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ರಾತ್ರಿ ಹತ್ತಕ್ಕೆ ಸರಿಮಾಡಿಟ್ಟು ಮಲಗಿದರೆ ಬೆಳಗ್ಗೆ ಆರಕ್ಕೆ ಅದು 4.40 ತೋರಿಸುತ್ತಿರುತ್ತದೆ. ಒಬ್ಬ ಗಿರಾಕಿಯವರು ಇಂಥ ಸೆಟ್ಟಿಗೆ ಒಂದರ ಮೇಲೊಂದರಂತೆ ಎರಡು ಟ್ರಾನ್ಸ್‌ಫಾರ್ಮರ್ ಕೊಂಡು, ಎರಡೂ ಕೆಟ್ಟವೆಂದು ಬೈದುಕೊಳ್ಳುತ್ತ ನನ್ನ ಬಳಿಗೆ ಬಂದಿದ್ದರು. ಬಿಚ್ಚಿ ನೋಡಿದರೆ ಒಳಗಿದ್ದದ್ದು ಎಲ್‌ಎಂ 8560 ಎಂಬ ಹಳೆಯ ಚಿಪ್. ಅದರಲ್ಲಿ 50 ಅಥವಾ 60 ಹರ್ಟ್ಸ್ ಆರಿಸಲೆಂದೇ ಒಂದು ಕಾಲು ಇರುವುದರಿಂದ ಬೆಸುಗೆಯ ಒಂದು ಚುಕ್ಕೆಯಲ್ಲಿ ಕೆಲಸ ಮುಗಿಯಿತು. ಎಲ್ಲ ಸೆಟ್ಟಿನಲ್ಲೂ ಆ ಅದೃಷ್ಟ ಇರುವುದಿಲ್ಲ.

ಬದಲಾಗಿ ಸೆಟ್ಟಿಗೆ ಪ್ರತ್ಯೇಕ ಅಡಾಪ್ಟರ್ ಇದ್ದು, ಅದರ ಮೇಲೆ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದು ಬರೆದಿದ್ದರೆ ಪಿನ್ನು ಬದಲಿಸುವ ಒಂದು ಸಣ್ಣ ತುಂಡಿನ ಖರ್ಚಷ್ಟೇ. ಅಡಾಪ್ಟರಿನಿಂದ ಹೊರಬರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಡಿಸಿಯಲ್ಲಿ ಎಣಿಸಲು ಮಿಡಿತವೇ ಇಲ್ಲವಾದ್ದರಿಂದ ಅಂಥ ಸೆಟ್ಟು ತನ್ನೊಳಗಿನ ಕ್ವಾರ್ಟ್ಜ್ ಹರಳನ್ನೇ ನೆಚ್ಚಿಕೊಂಡಿರುತ್ತದೆ. ಅದಕ್ಕೆ ನ್ಯೂಜೆರ್ಸಿಯಾದರೂ ಒಂದೇ, ಮೈಸೂರಾದರೂ ಒಂದೇ. ಹಳೆಯ ಕೆಲವು ಅಡಾಪ್ಟರುಗಳು ಗೋಡೆಯಿಂದ ಬರುವ, ಮಿಡಿಯುವ ಎಸಿಯನ್ನೇ ತಗ್ಗಿಸಿ ಕೊಡುತ್ತವೆ. ಅವುಗಳಲ್ಲಿ ಮತ್ತೆ ಮೊದಲಿನ ತೊಂದರೆಯೇ ಬರಬಹುದು.

ಎರಡನೆಯದು ರೇಡಿಯೊ. ಅಮೆರಿಕದಲ್ಲಿ ಎಫ್‌ಎಂ ಕೇಂದ್ರಗಳು 0.2 ಮೆಗಾಹರ್ಟ್ಸ್ ಅಂತರದಲ್ಲಿ, ದಶಾಂಶದ ಮುಂದೆ ಬೆಸ ಅಂಕಿ ಬರುವಂತೆ ಕುಳಿತಿರುತ್ತವೆ. ಅಲ್ಲಿಗೆಂದೇ ಮಾಡಿದ ಡಿಜಿಟಲ್ ಟ್ಯೂನರಿನಲ್ಲಿ ಗುಂಡಿ ಒತ್ತಿದರೆ 100.5 ಆದ ಮೇಲೆ 100.7 ಬರುತ್ತದೆ. ಬೆಂಗಳೂರಿನವರಿಗೆ ಇದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ, ಏಕೆಂದರೆ 101.3ರ ಕಾಮನಬಿಲ್ಲು, 102.9ರ ವಿವಿಧ ಭಾರತಿ ಎರಡೂ ಬೆಸ ಅಂಕಿಯವೇ. ಮೈಸೂರು ಆಕಾಶವಾಣಿಯಾದರೋ 100.6. ಆ ಮೆಟ್ಟಿಲೇ ಅಮೆರಿಕದ ಸೆಟ್ಟಿನಲ್ಲಿಲ್ಲ. ಪಕ್ಕದ ಮೆಟ್ಟಿಲಿನಲ್ಲಿ ನಿಂತರೆ ಕೇಳಿಸದೆ ಇರುವುದಿಲ್ಲ, ಆದರೆ ಸಕಾರ ಶಕಾರಗಳೆಲ್ಲ ಸೀಳಿಕೊಂಡು ಬರುತ್ತವೆ. ವಾರ್ತೆ ಕೇಳುವವರಿಗೆ ಅದಕ್ಕಿಂತ ಹಿಂಸೆ ಬೇರೆ ಬೇಡ. ಆಕಾಶವಾಣಿ ಎಂಬ ಹೆಸರು 1935ರಲ್ಲಿ ನಿಮ್ಮ ಮೈಸೂರಿನಲ್ಲೇ, ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ನಡೆಸಿದ ನಿಲಯದ್ದು. ಆ ಹೆಸರಿನ ಊರಿನ ಕೇಂದ್ರವೇ ಸಿಗದ ರೇಡಿಯೊವನ್ನು ಅಷ್ಟು ದೂರದಿಂದ ಹೊತ್ತು ತರುವುದು ಬೇಡವೆಂದು ನನಗನ್ನಿಸುತ್ತದೆ. ಕೆಲವು ಸೆಟ್ಟುಗಳಲ್ಲಿ ದೇಶ ಬದಲಿಸುವ ಸ್ವಿಚ್ಚು ಇರುತ್ತದೆ, ಸಾಮಾನ್ಯವಾಗಿ ಬ್ಯಾಟರಿಯ ಮುಚ್ಚಳದೊಳಗೋ ಅಡಿಯಲ್ಲೋ. ಮುಳ್ಳು ಸರಿಯುವ ಹಳೆಯ ತಿರುಗುಣಿಯ ಸೆಟ್ಟಾದರೆ ಈ ಚಿಂತೆಯೇ ಇಲ್ಲ.

ಕರೆಂಟು ಹೋದಾಗ ಏನಾಗುತ್ತದೆ ಎಂಬುದನ್ನೂ ನೋಡಿ. 9 ವೋಲ್ಟಿನ ಚೌಕ ಬ್ಯಾಟರಿ ಹಾಕುವ ಹಳೆಯ ಗಡಿಯಾರಗಳು ಕರೆಂಟಿಲ್ಲದಾಗ ಅಂಕಿ ಆರಿಸಿ, ಒಳಗೊಳಗೇ ಅಂದಾಜಿನ ಮೇಲೆ ಎಣಿಸುತ್ತಿರುತ್ತವೆ. ಒಂದು ಗಂಟೆ ಕರೆಂಟು ಹೋಗಿ ಬಂದರೆ ಕೆಲವು ನಿಮಿಷಗಳ ವ್ಯತ್ಯಾಸ ಸಹಜ. ನಾಣ್ಯದಂಥ ಲಿಥಿಯಂ ಬ್ಯಾಟರಿಯೂ ಕ್ವಾರ್ಟ್ಜ್ ಹರಳೂ ಇರುವ ಸೆಟ್ಟು ಈ ವಿಷಯದಲ್ಲಿ ಎಷ್ಟೋ ಮೇಲು.

ಡಲ್ಲಾಸ್ ಕನ್ನಡಿಗ:

ಹಿರಿಯರು ಗಡಿಯಾರ ಮತ್ತು ರೇಡಿಯೊದ ಬಗ್ಗೆ ಹೇಳಿದ್ದಾರೆ. ನಾನು ಡಾಕಿನ ಬಗ್ಗೆ ಹೇಳುತ್ತೇನೆ, ಏಕೆಂದರೆ 2006ರಿಂದ ಇಂಥ ಮೂರು ಸೆಟ್ಟುಗಳು ನಮ್ಮ ಮನೆಯಲ್ಲಿ ಬಂದು ಹೋಗಿವೆ.

ನಿಮ್ಮ ತಂದೆಯವರ ಐಪಾಡ್ ಕ್ಲಾಸಿಕ್‌ನ ಅಡಿಯಲ್ಲಿರುವುದು 30 ಪಿನ್ನುಗಳ ಅಗಲವಾದ ಕನೆಕ್ಟರ್. 2003ರಲ್ಲಿ ಬಂದ ಆ ಕನೆಕ್ಟರನ್ನು ನೆಚ್ಚಿಕೊಂಡು ಈ ಡಾಕ್ ಗಡಿಯಾರಗಳ ಸಂತೆಯೇ ನೆರೆದಿತ್ತು. 2012ರ ಸೆಪ್ಟೆಂಬರಿನಲ್ಲಿ ಐಫೋನ್ 5 ಲೈಟ್ನಿಂಗ್ ಎಂಬ ಸಣ್ಣ ಕನೆಕ್ಟರಿನೊಡನೆ ಬಂದ ಮೇಲೆ ಮನೆಮನೆಯ ಡಾಕುಗಳು ಹಲ್ಲಿಲ್ಲದ ಬಾಯಿಯಂತಾದವು. ಕ್ಲಾಸಿಕ್ ಮಾರಾಟ 2014ರಲ್ಲೇ ನಿಂತಿತು, ಉಳಿದಿದ್ದ ಐಪಾಡ್ ಟಚ್ ಕೂಡ 2022ರ ಮೇ ತಿಂಗಳಲ್ಲಿ ಮುಗಿಯಿತು. ಆದ್ದರಿಂದ ನಿಮ್ಮಣ್ಣನವರು ಇಲ್ಲಿ ಹೊಸದನ್ನು ಕೊಳ್ಳಲು ಹೋದರೂ 30 ಪಿನ್ನಿನ ಡಾಕ್ ಇರುವ ಸೆಟ್ಟು ಸಿಗುವುದು ಹಳೆಯ ದಾಸ್ತಾನಿನಲ್ಲಿ ಅಥವಾ ಬಳಸಿ ಬಿಟ್ಟವುಗಳಲ್ಲಿ ಮಾತ್ರ. ಅಂಥದರಲ್ಲಿ ಮೊದಲು ಸಡಿಲವಾಗುವುದೇ ಡಾಕಿನ ಪಿನ್ನುಗಳು. ಹಾಡು ಬಂದರೂ ಚಾರ್ಜ್ ಆಗದಿರುವ ಜೋಡಿಗಳೂ ಇವೆ, ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಡಾಕಿನಿಂದ ದೊಡ್ಡ ಅನುಕೂಲವೊಂದಿದೆ, ಅದನ್ನು ಅಲ್ಲಗಳೆಯಲಾಗದು: ಐಪಾಡಿನ ಸ್ವಂತ ವಾಲ್ಯೂಮಿನ ಗೊಡವೆಯಿಲ್ಲದೆ ಒಂದೇ ಮಟ್ಟದ ಧ್ವನಿ ಸೆಟ್ಟಿಗೆ ಹೋಗುತ್ತದೆ, ಜೊತೆಗೆ ಚಾರ್ಜೂ ಆಗುತ್ತದೆ. ಐಪಾಡಿನ ಹಾಡಿನಿಂದಲೇ ಎಬ್ಬಿಸುವ ಅಲಾರಾಂ ಮಾತ್ರ ಹೇಳಿಕೊಳ್ಳುವಷ್ಟು ಚೆನ್ನಾಗಿಲ್ಲ. ನಮ್ಮ ಮೊದಲ ಸೆಟ್ಟು ರಾತ್ರಿ ನಿಲ್ಲಿಸಿದ ಜಾಗದಿಂದಲೇ ಹಾಡನ್ನು ಮುಂದುವರಿಸುತ್ತಿತ್ತು. ಕಛೇರಿ ಕೇಳುತ್ತ ಮಲಗಿದ ನನ್ನನ್ನು ಒಂದು ಬೆಳಗ್ಗೆ ಐದೂವರೆಗೆ ತನಿ ಆವರ್ತನದ ನಟ್ಟನಡುವಿನ ಮೃದಂಗ ಎಬ್ಬಿಸಿತು. ಅಲಾರಾಮಿನ ಧ್ವನಿಗೆ ಪ್ರತ್ಯೇಕ ಮಟ್ಟ ಇದೆಯೇ, ಐಪಾಡ್ ಕೂರಿಸಲು ಮರೆತ ದಿನ ಸೆಟ್ಟು ತಾನಾಗಿ ಬಜರಿಗೋ ರೇಡಿಯೊಗೋ ತಿರುಗಿಕೊಳ್ಳುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ಒತ್ತಿ ನೋಡಬೇಕು.

ಅಂಕಿಗಳ ಬೆಳಕನ್ನೂ ಉದಾಸೀನ ಮಾಡಬೇಡಿ. ನಾವು ಕೊಂಡ ಎರಡನೆಯ ಸೆಟ್ಟಿನ ನೀಲಿ ಅಂಕಿಗಳು ಎಷ್ಟು ತಗ್ಗಿಸಿದರೂ ಕೋಣೆಯನ್ನೆಲ್ಲ ಬೆಳಗುತ್ತಿದ್ದವು, ನಮ್ಮ ಮನೆಯವರು ರಾತ್ರಿ ಅದರ ಮೇಲೆ ಕರ್ಚೀಫು ಹೊದಿಸಿ ಮಲಗುತ್ತಿದ್ದರು. ವಯಸ್ಸಾದವರಿಗೆ ಕನ್ನಡಕವಿಲ್ಲದೆ ಕಾಣುವಷ್ಟು ದೊಡ್ಡ ಅಂಕಿ, ಪೂರ್ತಿ ಆರುವವರೆಗೆ ತಗ್ಗಿಸಬಹುದಾದ ಬೆಳಕು, ಇವೆರಡೂ ಬೇಕು.

ಇಲ್ಲಿಂದ ತರುವ ಸೆಟ್ಟಾದರೆ ಇನ್ನೊಂದು ಕೀಟಲೆ ಇದೆ. ಸಮಯ ತಾನೇ ಹೊಂದಿಸಿಕೊಳ್ಳುವ ಗಡಿಯಾರಗಳಲ್ಲಿ ಅಮೆರಿಕದ ಕಾಲವಲಯಗಳು ಮಾತ್ರ ಇರುವುದುಂಟು. ಜೊತೆಗೆ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತಾವಾಗಿಯೇ ಜಿಗಿಯುತ್ತವೆ. 2007ಕ್ಕಿಂತ ಹಿಂದಿನವು ಹಳೆಯ ನಿಯಮದಂತೆ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಜಿಗಿಯುತ್ತವೆ. ಈ ಜಿಗಿತವನ್ನು ನಿಲ್ಲಿಸುವ ಗುಂಡಿ ಇಲ್ಲದಿದ್ದರೆ ನಿಮ್ಮ ತಂದೆಯವರು ಒಂದು ಭಾನುವಾರ ಸಂಸ್ಕೃತ ವಾರ್ತೆಗಾಗಿ ಸುಮ್ಮನೆ ಒಂದು ಗಂಟೆ ಕಾಯಬೇಕಾದೀತು.

ಧಾರವಾಡದಿಂದ ಒಬ್ಬರು:

ಮೇಲಿನವರು ಎಫ್‌ಎಂ ಬಗ್ಗೆ ಹೇಳಿದ್ದು ಮೀಡಿಯಂ ವೇವ್‌ಗೂ ಅನ್ವಯಿಸುತ್ತದೆ. ಅಮೆರಿಕದ ಸೆಟ್ಟಿನಲ್ಲಿ ಅದರ ಮೆಟ್ಟಿಲು 10 ಕಿಲೊಹರ್ಟ್ಸ್, ನಮ್ಮಲ್ಲಿ 9. ನಮ್ಮ ಧಾರವಾಡ ಕೇಂದ್ರದ 765 ಅಲ್ಲಿಯ 760 ಮತ್ತು 770ರ ಸರಿಯಾಗಿ ನಡುವೆ ಬಿದ್ದು, ಎತ್ತ ಹೋದರೂ ಅರ್ಧಂಬರ್ಧವೇ.

ಡಾಕಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಡಾಕೇ ಇಲ್ಲದ, ಹಿಂಬದಿಯಲ್ಲಿ 3.5 ಮಿ.ಮೀ. ಆಕ್ಸ್ ತೂತು (ಹೊರಗಿನ ಸಾಧನದ ಧ್ವನಿಯನ್ನು ತಂತಿಯಲ್ಲಿ ಒಳಕ್ಕೆ ತರುವ ತೂತು) ಇರುವ ಒಳ್ಳೆಯ ಗಡಿಯಾರ ರೇಡಿಯೊ ಕೊಂಡರೆ ಇವತ್ತು ಐಪಾಡ್, ನಾಳೆ ಇನ್ನಾವುದಾದರೂ ಸಿಕ್ಕಿಸಬಹುದು. 30 ಪಿನ್ನಿನಿಂದ ಆಕ್ಸಿಗೆ ಬರುವ ಕೇಬಲ್ ಸಿಗುತ್ತದೆ, ಅದರಲ್ಲೇ ಚಾರ್ಜಿಗೆ ಯುಎಸ್‌ಬಿ ಕವಲೂ ಇರುವಂಥದ್ದನ್ನು ಆರಿಸಬೇಕು. ತಂತಿ ಒಂದು ಹೆಚ್ಚಾಗುತ್ತದೆ ನಿಜ, ಆದರೆ ಅದನ್ನು ಮೇಜಿನ ಹಿಂಬದಿಗೆ ಕಟ್ಟಿಬಿಟ್ಟರೆ ತಂಬಿಗೆಯ ತಂಟೆಗೆ ಬರುವುದಿಲ್ಲ.

ಕುವೆಂಪುನಗರದ ಕೇಳುಗ:

ಎಲ್ಲರಿಗೂ ಅನಂತ ಧನ್ಯವಾದಗಳು. ಅಣ್ಣ ಫೋಟೊ ಕಳಿಸಿದ್ದಾನೆ. ಚೀಟಿಯಲ್ಲಿರುವುದು 120 ವೋಲ್ಟ್, 60 ಹರ್ಟ್ಸ್ ಮಾತ್ರ, ಅಡಾಪ್ಟರ್ ಇಲ್ಲ. ವಿಡಿಯೊ ಕರೆಯಲ್ಲಿ ನನ್ನೆದುರಿಗೇ ಗುಂಡಿ ಒತ್ತಿ ತೋರಿಸಿದ: 100.3, 100.5, 100.7. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ತಂದೆಯವರು "ನಮ್ಮ ಸ್ಟೇಷನ್ನನ್ನೇ ದಾಟಿಹೋಯಿತಲ್ಲ" ಎಂದರು. ಅಲ್ಲಿಗೆ ಆ ಸೆಟ್ಟಿನ ಮಾತು ಮುಗಿಯಿತು.

ಅಣ್ಣನಿಗೆ ಈಗ ಬೇರೊಂದು ಸೆಟ್ಟು ಕಂಡಿದೆ: 100ರಿಂದ 240 ವೋಲ್ಟಿನ ಅಡಾಪ್ಟರ್, ಹೊರಬರುವುದು ಡಿಸಿ, ಅಡಿಯಲ್ಲಿ ದೇಶ ಬದಲಿಸುವ ಸ್ವಿಚ್ಚು, ಆಕ್ಸ್ ತೂತು, ಪೂರ್ತಿ ಆರಿಸಬಹುದಾದ ಅಂಕಿಗಳು. ಡಾಕ್ ಇಲ್ಲ. ತಂದೆಯವರಿಗೆ ಐಪಾಡನ್ನು ಕೈಯಲ್ಲಿ ಹಿಡಿದೇ ಹಾಡು ಹುಡುಕುವ ಅಭ್ಯಾಸವಾದ್ದರಿಂದ ಅದನ್ನು ಪೆಟ್ಟಿಗೆಯ ನೆತ್ತಿಗೆ ಸಿಕ್ಕಿಸಿಡುವುದು ಅವರಿಗೆ ಹೇಗೂ ಒಗ್ಗುತ್ತಿರಲಿಲ್ಲವೇನೋ. ನಾನು ಇದನ್ನು ಮೊದಲೇ ಯೋಚಿಸಬೇಕಿತ್ತು. ಕೊಳ್ಳುವ ಮೊದಲು ಅಂಗಡಿಯಲ್ಲೇ ನೋಡಬೇಕಾದದ್ದು ಇನ್ನೇನಾದರೂ ಇದೆಯೇ?

ಹಳೇ ಸೆಟ್ಟು, ಬೆಂಗಳೂರು:

ಎರಡೇ ಎರಡು. ಸ್ವಿಚ್ಚು ಬದಲಿಸಿ 100.6ರಲ್ಲಿ ನಿಲ್ಲುತ್ತದೆಯೇ ಎಂದು ನೋಡಲಿ. ಅಲ್ಲಿ ಬರೀ ಗೊರಗೊರ ಬಂದರೂ ಪರವಾಗಿಲ್ಲ, ಅಂಕಿ ನಿಂತರೆ ಸಾಕು. ಆಮೇಲೆ ಬ್ಯಾಟರಿ ಹಾಕಿ, ಐದು ನಿಮಿಷ ಮುಂದಕ್ಕೆ ಅಲಾರಾಂ ಇಟ್ಟು, ಗೋಡೆಯ ಪ್ಲಗ್ಗನ್ನು ಕಿತ್ತು ಕಾಯಲಿ. ಕರೆಂಟಿಲ್ಲದೆಯೂ ಅಲಾರಾಂ ಕೂಗಿ, ಪ್ಲಗ್ಗು ಮತ್ತೆ ಹಾಕಿದಾಗ ಕೈಗಡಿಯಾರದ ಸಮಯಕ್ಕೂ ಅದಕ್ಕೂ ವ್ಯತ್ಯಾಸವಿಲ್ಲದಿದ್ದರೆ ಧೈರ್ಯವಾಗಿ ತರಬಹುದು.