ಕಣ್ಣಿನ ಮಸುಕು ಸರಿಹೋಯಿತು, ಈಗ ಕಾಲುಗಳಲ್ಲಿ ಜೋಮು: ಇದು ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಆರಂಭವಿರಬಹುದೇ?

ಪ್ರಶ್ನೆ
ನನ್ನ ತಂಗಿಗೆ 29 ವರ್ಷ. ಕಳೆದ ವರ್ಷ ಅವಳ ಬಲಗಣ್ಣು ಕೆಲವೇ ದಿನಗಳಲ್ಲಿ ಮಸುಕಾಯಿತು. ಕಣ್ಣು ಹೊರಳಿಸಿದಾಗ ನೋಯುತ್ತಿತ್ತು, ಕೆಂಪು ಬಣ್ಣವು ಆ ಕಣ್ಣಿಗೆ ಮಾತ್ರ ಮಂಕಾಗಿ ಕಾಣುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ತಾನಾಗಿಯೇ ವಾಸಿಯಾದುದರಿಂದ ಆ ವಿಚಾರ ಅಲ್ಲಿಗೇ ನಿಂತಿತು. ಈಗ ಪಾದಗಳಲ್ಲಿ ಆರಂಭವಾದ ಜೋಮು ಒಂದು ವಾರದೊಳಗೆ ಸೊಂಟದವರೆಗೆ ಏರಿದೆ. ಜ್ವರವಿಲ್ಲ, ನಡೆಯುವುದಕ್ಕೂ ತೊಂದರೆಯಿಲ್ಲ. ಇವೆರಡಕ್ಕೂ ಸಂಬಂಧವಿರಬಹುದೇ? ಯಾವುದನ್ನು ರೋಗಲಕ್ಷಣವೆಂದು ಗಣಿಸಬೇಕು, ಯಾವುದನ್ನು ಆಯಾಸವೆಂದು ಬಿಡಬಹುದು?

ಉತ್ತರ 1
ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ಪರೀಕ್ಷಿಸದೆ ರೋಗದ ಹೆಸರು ಹೇಳಲಾಗದು. ಆದರೆ ನೀವು ವಿವರಿಸಿದ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಲೇಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ರೋಗದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ ಹಾಗೂ ದೃಷ್ಟಿನರಗಳ ನರತಂತುಗಳನ್ನು ಆವರಿಸಿರುವ ಮೈಲಿನ್ ಪದರವನ್ನು ಹಾಳುಮಾಡುವುದರಿಂದ, ಹಾನಿ ಎಲ್ಲಿ ಆಯಿತೋ ಅದಕ್ಕೆ ತಕ್ಕಂತೆ ಲಕ್ಷಣವೂ ಬೇರೆಯಾಗುತ್ತದೆ: ಒಮ್ಮೆ ಕಣ್ಣು, ಮತ್ತೊಮ್ಮೆ ಕಾಲು, ಇನ್ನೊಮ್ಮೆ ಒಂದೇ ವಸ್ತು ಎರಡಾಗಿ ಕಾಣುವುದು. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಕಾಣಿಸಿಕೊಳ್ಳುವ ಈ ರೋಗ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು.

ಲಕ್ಷಣ ಯಾವುದು ಎಂಬುದಕ್ಕಿಂತ ಅದರ ಕಾಲಗತಿಯೇ ಹೆಚ್ಚು ಸುಳಿವು ಕೊಡುತ್ತದೆಂಬುದು ನನ್ನ ಅಭಿಪ್ರಾಯ. ಎಂ.ಎಸ್. ದಾಳಿಯು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಬೆಳೆದು, ಕನಿಷ್ಠ 24 ಗಂಟೆ, ಸಾಮಾನ್ಯವಾಗಿ ವಾರಗಟ್ಟಲೆ ಉಳಿದು, ನಂತರ ಪೂರ್ಣವಾಗಿಯೋ ಭಾಗಶಃವೋ ಇಳಿಯುತ್ತದೆ. ಕೆಲವು ಸೆಕೆಂಡು ಚುರುಗುಟ್ಟಿ ಮಾಯವಾಗುವ, ದಿನಕ್ಕೊಂದು ಜಾಗಕ್ಕೆ ಹಾರುವ ಜುಮುಜುಮು ಅಥವಾ ರೆಪ್ಪೆಯ ಅದುರುವಿಕೆ ಈ ಗತಿಗೆ ಹೊಂದುವುದಿಲ್ಲ. ಕ್ಷಣಾರ್ಧದಲ್ಲಿ ಮುಖ ವಾರೆಯಾದರೆ ಅಥವಾ ಕೈ ಬಿದ್ದುಹೋದರೆ ಮೊದಲು ಪಾರ್ಶ್ವವಾಯುವನ್ನು ಶಂಕಿಸಬೇಕು. ದಾಳಿ ತಾನಾಗಿ ಇಳಿಯುವುದೇ ಈ ರೋಗದ ಮೋಸ, ಏಕೆಂದರೆ ಲಕ್ಷಣ ಮರೆಯಾದರೂ ರೋಗ ಒಳಗೆ ಮುಂದುವರಿಯುತ್ತಿರಬಹುದು.

ಉತ್ತರ 2
ನಾನು ಈ ರೋಗದೊಂದಿಗೆ ಬದುಕುತ್ತಿರುವವಳು. ವೈದ್ಯರು ಕೇಳದಿದ್ದರೆ ರೋಗಿಗಳು ಹೇಳದೆ ಉಳಿಸುವ ಸಂಗತಿಗಳು ಕೆಲವಿವೆ. ನಿಮ್ಮ ತಂಗಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕತ್ತು ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ವಿದ್ಯುತ್ ಹರಿದಂತಾಗುತ್ತದೆಯೇ? ಬಿಸಿನೀರಿನ ಸ್ನಾನ ಅಥವಾ ವ್ಯಾಯಾಮದ ನಂತರ ದೃಷ್ಟಿ ಸ್ವಲ್ಪ ಹೊತ್ತು ಮತ್ತೆ ಮಂಕಾಗುತ್ತದೆಯೇ? ಎದೆಯ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಿದೆಯೇ? ಮೂತ್ರಕ್ಕೆ ಇದ್ದಕ್ಕಿದ್ದಂತೆ ಅವಸರವಾಗುತ್ತದೆಯೇ? ಕೊನೆಯದನ್ನು ಸಂಕೋಚದಿಂದ ಮುಚ್ಚಿಡುವವರೇ ಹೆಚ್ಚು. ನಿದ್ರೆ ಮಾಡಿದರೂ ಹೋಗದ ದಣಿವು ನನ್ನನ್ನು ಬಹಳ ಕಾಡಿತು, ಆದರೆ ಅದೊಂದರಿಂದಲೇ ಏನನ್ನೂ ನಿರ್ಧರಿಸಲಾಗದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಕತ್ತು ಬಗ್ಗಿಸಿದಾಗ ಮಿಂಚಿದಂತಾಗುವುದು ನಿಜವೆಂದು ಅವಳು ಹೇಳಿದಳು. ಮನೆಯಲ್ಲಿ ಮಾತ್ರ, ಮೊದಲು ಬಿ12 ಮಾತ್ರೆ ಕೊಟ್ಟು ಒಂದು ತಿಂಗಳು ಕಾಯೋಣ ಎನ್ನುತ್ತಿದ್ದಾರೆ.

ಉತ್ತರ 1ರ ವೈದ್ಯರು
ಕಾಯಬೇಡಿ. ಬಿ12 ಕೊರತೆಯಿಂದಲೂ ಜೋಮು ಬರುತ್ತದೆ, ಕತ್ತು ಬಗ್ಗಿಸಿದಾಗಿನ ಆ ಮಿಂಚೂ ಬರಬಹುದು. ಆದ್ದರಿಂದ ಅದರ ರಕ್ತಪರೀಕ್ಷೆ ಆಗಲೇಬೇಕು, ಅದೂ ಮಾತ್ರೆ ಆರಂಭಿಸುವ ಮೊದಲೇ. ಆದರೆ ಒಂದೇ ಕಣ್ಣು ನೋವಿನೊಂದಿಗೆ ಮಸುಕಾಗಿ ಮರಳಿ ಸರಿಹೋಗುವುದನ್ನು ಆ ಕೊರತೆ ವಿವರಿಸುವುದಿಲ್ಲ. ಮಿದುಳಿನ ಜೊತೆಗೆ ಬೆನ್ನುಹುರಿಯ ಎಂ.ಆರ್.ಐ. ಬೇಕಾಗುತ್ತದೆ, ಅಗತ್ಯವೆನಿಸಿದರೆ ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೊಂಟದಿಂದ ತೆಗೆದು ಪರೀಕ್ಷಿಸುತ್ತಾರೆ. ಕಣ್ಣು ಮತ್ತು ಬೆನ್ನುಹುರಿ ಎರಡನ್ನೂ ಬಾಧಿಸುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಬೇರೊಂದು ರೋಗವಿದೆ, ಎಂ.ಎಸ್.ಗೆ ಕೊಡುವ ಕೆಲವು ಔಷಧಗಳು ಅದನ್ನು ಉಲ್ಬಣಗೊಳಿಸಬಲ್ಲವು. ಹಾಗಾಗಿ ಆ ರೋಗವನ್ನು ಗುರುತಿಸಲು ನೆರವಾಗುವ ಆಕ್ವಾಪೊರಿನ್-4 ಪ್ರತಿಕಾಯದ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಎಂ.ಎಸ್. ಎಂದೇ ತೀರ್ಮಾನವಾದರೂ, ದಾಳಿಗಳನ್ನು ಕಡಿಮೆಮಾಡುವ ಔಷಧಗಳು ಈಗ ಹಲವಿವೆ. ಅವನ್ನು ಬೇಗ ಆರಂಭಿಸಿದಷ್ಟೂ ಒಳ್ಳೆಯದು.

ಒಂದೆರಡು ದಿನಗಳಲ್ಲೇ ನರರೋಗ ತಜ್ಞರನ್ನು ಕಾಣಿರಿ, ಕಳೆದ ವರ್ಷದ ಕಣ್ಣಿನ ಪರೀಕ್ಷೆಯ ಕಾಗದಗಳಿದ್ದರೆ ತಪ್ಪದೆ ಒಯ್ಯಿರಿ. ಅಷ್ಟರೊಳಗೆ ಕಾಲುಗಳ ಬಲ ಕುಗ್ಗಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ಅದೇ ಗಳಿಗೆಯಲ್ಲಿ ತುರ್ತುಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.