ಸೊಪ್ಪು ಬಿಡಿಸೋಕೆ ಅವಳ ಕೈಗೇ ಕೊಡು

ಮಗಾ, ಬೆಳಿಗ್ಗೆ ಗ್ರೂಪಲ್ಲಿ ನೀನು ಹಾಕಿದ್ದು ಈಗ ನೋಡ್ದೆ, ಡೈರಿಗೆ ಹಾಲು ಹಾಕಿ ಬಂದು ಕೂತ್ಕೊಂಡು ಮಾತಾಡ್ತಿದೀನಿ. ದೊಡ್ಡೋಳು ಸೊಪ್ಪು ಕಂಡ್ರೆ ತಟ್ಟೆ ತಳ್ತಾಳೆ, ಚಿಕ್ಕೋನು ನೂಡಲ್ಸ್ ಬಿಟ್ರೆ ಬಾಯೇ ತೆಗಿಯಲ್ಲ, ಎರಡು ಏಟು ಕೊಟ್ಟು ತಿನ್ನಿಸ್ಲಾ ದೊಡ್ಡಮ್ಮ ಅಂತ ಕೇಳಿದೀಯ. ಬೇಡ ಕಣವ್ವ. ನಿಮ್ಮಣ್ಣ 6 ವರ್ಷದೋನಿದ್ದಾಗ ದಂಟಿನ ಸೊಪ್ಪನ್ನ ಮೂಗು ಹಿಡಿದು ತುರುಕ್ದೆ ನಾನು. ಈಗ ಅವನಿಗೆ 34, ದಂಟು ಅಂದ್ರೆ ಇನ್ನೂ ಮುಖ ತಿರುಗಿಸ್ತಾನೆ. ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಅವನ ಮಗಳು ಬೇಸಿಗೆ ರಜಕ್ಕೆ ಬಂದಿದ್ಲಲ್ಲ, ಅವಳಿಗೆ ತಿನ್ನು ಅನ್ನಲೇ ಇಲ್ಲ. ದಂಟಿನ ಕಟ್ಟು ಬಿಚ್ಚಿ ಪೇಪರ್ ಮೇಲೆ ಹಾಕ್ಕೊಟ್ಟೆ. ಕಡ್ಡೀನ ಪಟ್ ಅಂತ ಮುರಿದು ಕೆಳಕ್ಕೆಳೆದ್ರೆ ನಾರು ದಾರದ ಥರ ಉದ್ದಕ್ಕೆ ಬರುತ್ತೆ ನೋಡು, ಅದೇ ಆಟ ಆಗೋಯ್ತು. ಆಮೇಲೆ ಬೇಸಿನ್ನಲ್ಲಿ ಮೂರು ಸಲ ತೊಳೆದ್ಲು, ತಳದಲ್ಲಿ ಮರಳು ಕೈಗೆ ಸಿಗೋದು ನಿಲ್ಲೋವರ್ಗೂ ಬಿಡ್ಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ "ಇದು ನಾನು ಬಿಡಿಸಿದ್ದು" ಅಂತ ಅವರಪ್ಪನ ತಟ್ಟೆಗೂ ಹಾಕಿದ್ಲು.

ಉಪ್ಸಾರೇ ಮಾಡು. ಅದ್ರಲ್ಲಿ ಖಾರ ಬೇರೆಯಾಗೇ ರುಬ್ಬಿಡ್ತೀವಿ, ಮಕ್ಕಳಿಗೆ ಅಂತ ಇನ್ನೊಂದು ಪಾತ್ರೆ ಇಡೋ ಹಂಗಿಲ್ಲ. ಸೊಪ್ಪು, ಹೆಸರುಕಾಳು ಒಂಚೂರೇ ಉಪ್ಪು ಹಾಕಿ ಬೇಯಿಸಿ ಬಸಿ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ರುಬ್ಬಿದ ಖಾರ ನೀವು ದೊಡ್ಡೋರು ತಟ್ಟೇಲಿ ಕಲೆಸ್ಕೊಳ್ಳಿ. ಬಸಿದ ಸೊಪ್ಪಿಗೆ ಒಗ್ಗರಣೆ, ಕಾಯಿತುರಿ. ನಿಂಬೆಹಣ್ಣು ಹಿಂಡೋ ಕೆಲಸ ಚಿಕ್ಕೋನಿಗೆ. ಸೊಪ್ಪಲ್ಲಿರೋ ಕಬ್ಬಿಣದಂಶ ಮೈಗೆ ಹತ್ತೋಕೆ ಆ ಹುಳಿ ಬೇಕು. ಊಟ ಆದ ತಕ್ಷಣ ಟೀ ಮಾತ್ರ ಕೊಡ್ಬೇಡ, ಅದು ತಡೆಯುತ್ತೆ.

ಜೊತೆಗೆ ಮುದ್ದೆಗೆ ರಾಗಿ ಹಿಟ್ಟು ತಿರುವೋವಾಗ ಇಬ್ಬರನ್ನೂ ಒಲೆಯಿಂದ ದೂರ ಕೂರಿಸು. ಬಿಸಿ ಹಿಟ್ಟು ಮೈಗೆ ಅಂಟಿದ್ರೆ ಬಿಡಲ್ಲ ಮಗಾ. ಆರಿದ್ಮೇಲೆ ನೆಲ್ಲಿಕಾಯಿ ಗಾತ್ರದ್ದು ಕೈಗೆ ಕೊಡು, ನೀರು ಮುಟ್ಕೊಂಡು ಅವರೇ ಮುದ್ದೆ ಕಟ್ಲಿ. ವಕ್ರ ಬಂದ್ರೂ ತಿದ್ದಬೇಡ. 100 ಗ್ರಾಂ ರಾಗೀಲಿ 300 ಮಿಲಿಗ್ರಾಂ ಮೇಲೇ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಲ್ಲಿ 120ರ ಆಸುಪಾಸು. ಬೆಳೆಯೋ ಮೂಳೆಗೆ ಬೇಕು ಅದು.

ಮುದ್ದೆ ಕಟ್ತಾ ಕಟ್ತಾ ನನ್ನ ಮೊಮ್ಮಗಳಿಗೆ ನಮ್ಮ ಮಂಡ್ಯದ ಹತ್ರ ಇರೋ ಕೃಷಿ ಸಂಶೋಧನಾ ಕೇಂದ್ರ, ವಿ.ಸಿ. ಫಾರಂ ಕಥೆ ಹೇಳ್ದೆ. ಅಲ್ಲಿದ್ದ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವ್ರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ತಳಿ ತೆಗೆದು, ಇಂಡಿಯಾ ಆಫ್ರಿಕಾ ಎರಡೂ ಸೇರಿಸಿ ಇಂಡಾಫ್ ಅಂತ ಹೆಸರಿಟ್ರು ಅಂದೆ. ಅವಳು ಮುದ್ದೆ ಮುರಿದು "ಇದ್ರಲ್ಲಿ ಆಫ್ರಿಕಾ ಯಾವ ಕಡೆ ಇದೆ ಅಜ್ಜಿ?" ಅಂದ್ಲು.

ಭಾನುವಾರ ಮೈಸೂರಿಂದ ಬೆಳಿಗ್ಗೆ ಟ್ರೈನಿಗೇ ಹತ್ತಿಸ್ಕೊಂಡು ಬಾ ಇಬ್ಬರನ್ನೂ. ಮೊಳಕೆ ಕಟ್ಟಿದ ರಾಗಿ ಒಣಗಿಸಿ ಮಿಲ್ಲಿಗೆ ಹಾಕ್ಸಿದೀನಿ, ಎರಡು ಸೇರು ನಿಂಗೆ ಎತ್ತಿಟ್ಟಿದೀನಿ. ಸೊಪ್ಪು ಬಿಡಿಸದೆ ಹಂಗೇ ಇಟ್ಟಿರ್ತೀನಿ.